ಕಣ್ಣು ಹಳದಿಯಾಗುವ ಹೊತ್ತಿಗೆ ತಿಂಗಳು ಕಳೆದಿರುತ್ತದೆ

ಪ್ರಶ್ನೆ: ನಮ್ಮದು ಕಾಗಲ ತಾಲೂಕಿನ ಸುಳಕೂಡ. ಮಗಳನ್ನ ಇಚಲಕರಂಜಿಗೆ ಕೊಟ್ಟೇವಿ, ಅಳಿಯಂದು ಮಗ್ಗದ ಕೆಲಸ. ಆಕಿಗೆ ಈಗ ಏಳು ತಿಂಗಳು, ಚೊಚ್ಚಲ. ಅವರ ಓಣ್ಯಾಗ ಇಬ್ಬರಿಗೆ ಕಾಮಣಿ ಆಗೇದ ಅಂತ ಫೋನ್ ಮಾಡಿದ್ಲು. ಆವತ್ತಿನಿಂದ ನನಗ ನಿದ್ದಿ ಇಲ್ಲ. 2012ರಾಗ ಆ ಊರಾಗ ಏನಾತು ಅನ್ನೋದು ನಮಗೆಲ್ಲ ಗೊತ್ತದ. ಈಗಲೇ ತವರಿಗೆ ಕರಕೊಂಡು ಬರ್ಲೇನು? ಬೀಗರು, 'ಬಸುರಿ ಕಾರ್ಡಿನ್ಯಾಗ ಕಾವೀಳ ನೆಗೆಟಿವ್ ಅಂತ ಬರದಾರ, ಏನೂ ಆಗೂದಿಲ್ಲ. ಆದ್ರೂ ಮಾಲಿ ಹಾಕಿಸಿದ್ರ ಇಳೀತದ' ಅಂತಾರ. ರಕ್ತ ತಪಾಸಣಿ ಮಾಡಿಸಿದ್ರ ಮೊದಲೇ ತಿಳೀತದೇನು?
— ಒಬ್ಬ ತಾಯಿ, ಸುಳಕೂಡ

ಉತ್ತರ: ಅಕ್ಕಾ, ಮಗಳನ್ನು ಕರೆತನ್ನಿ. ಚೊಚ್ಚಲ ಹೆರಿಗೆಗೆ ಹೇಗೂ ತವರಿಗೆ ಬರುವವಳೇ, ನಾಲ್ಕು ವಾರ ಮುಂಚೆ ಬಂದರೆ ಯಾರೂ ಬೇಡ ಎನ್ನಲಾರರು. ಆದರೆ ಸುಳಕೂಡಕ್ಕೆ ಬಂದಳು, ಇನ್ನು ಭಯವಿಲ್ಲ ಎಂದು ಮಾತ್ರ ಕೈಬಿಡಬೇಡಿ. ಆ ಓಣಿಯ ಇಬ್ಬರಿಗೆ ಬಂದದ್ದು ನೀರಿನಿಂದ ಹರಡುವ ಹೆಪಟೈಟಿಸ್ ಇ ಆಗಿದ್ದರೆ, ಅವರು ಆ ನೀರು ಕುಡಿದದ್ದು ನಿನ್ನೆ ಮೊನ್ನೆಯಲ್ಲ. ವೈರಸ್ ಹೊಟ್ಟೆ ಸೇರಿದ ಮೇಲೆ ಕಾಯಿಲೆ ಹೊರಬೀಳಲು 2ರಿಂದ 10 ವಾರ ಹಿಡಿಯುತ್ತದೆ. ಹೆಚ್ಚಿನವರಲ್ಲಿ ಐದಾರು ವಾರ. ಅದೇ ನಳದ ನೀರನ್ನು ನಿಮ್ಮ ಮಗಳೂ ಕುಡಿದಿದ್ದರೆ, ಬರಬೇಕಾದದ್ದು ನಿಮ್ಮ ಮನೆಯಲ್ಲೇ ಬಂದೀತು. ಆದ್ದರಿಂದ ಅವಳು ಬಂದ ದಿನದಿಂದ ಹೆರಿಗೆಯಾಗುವವರೆಗೂ ಎಚ್ಚರ ಬೇಕು.

ಈ ವಾರಗಳ ಲೆಕ್ಕ ನಮ್ಮ ದೇಶ ಕಷ್ಟಪಟ್ಟು ಕಲಿತದ್ದು. 1955ರ ಕೊನೆಯಲ್ಲಿ ದಿಲ್ಲಿಯ ವಜೀರಾಬಾದಿನಲ್ಲಿ ಯಮುನೆಯಿಂದ ನೀರೆತ್ತುವ ಕಡೆ ಗಟಾರದ ನೀರು ನುಗ್ಗಿತು. ಅಲ್ಲಿನವರು ಕ್ಲೋರಿನ್ ಹೆಚ್ಚಿಸಿದರು. ಟೈಫಾಯಿಡ್ ಏಳಲಿಲ್ಲ. ಆದರೆ ಕೆಲವು ವಾರಗಳ ಮೇಲೆ 29,000ಕ್ಕೂ ಹೆಚ್ಚು ಜನ ಕಾಮಣಿಗೆ ಬಿದ್ದರು, ಗರ್ಭಿಣಿಯರಲ್ಲಿ ಸಾವು ಹೆಚ್ಚಿತ್ತು. ಇದು ಹೆಪಟೈಟಿಸ್ ಎ ಎಂದೇ ಎಲ್ಲರೂ ನಂಬಿದ್ದರು. ಕಾದಿಟ್ಟ ರಕ್ತದ ಮಾದರಿಗಳನ್ನು ಮತ್ತೆ ಪರೀಕ್ಷಿಸಿ, ಇದು ಎ ಅಲ್ಲ, ಬಿ ಅಲ್ಲ ಎಂದು ತಿಳಿದದ್ದು 1980ರ ಸುಮಾರಿಗೆ. ಅದೇ ಕಾಲಕ್ಕೆ ಕಾಶ್ಮೀರದ ವೈದ್ಯ ಮೊಹಮ್ಮದ್ ಸುಲ್ತಾನ್ ಖುರೂ ಅವರು 1978ರಲ್ಲಿ ತಮ್ಮ ಕಣಿವೆಯ ಹಳ್ಳಿಗಳಲ್ಲಿ ಕಂಡ ಇಂಥದೇ ಕಾಯಿಲೆಯನ್ನು ವರದಿ ಮಾಡಿದರು. 1983ರಲ್ಲಿ ರಷ್ಯಾದ ವಿಜ್ಞಾನಿ ಮಿಖಾಯಿಲ್ ಬಲಯಾನ್ ರೋಗಿಗಳ ಮಲದಿಂದ ತೆಗೆದ ದ್ರವವನ್ನು ತಾವೇ ಕುಡಿದು, ಕಾಯಿಲೆ ಬಿದ್ದು, ತಮ್ಮ ಮಲದಲ್ಲೇ ವೈರಸ್ಸನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ವಂಶವಾಹಿಯ ಗುರುತು ಸಿಕ್ಕಿದ್ದು 1990ರಲ್ಲಿ. ಆಮೇಲೆಯೇ ರಕ್ತದಲ್ಲಿ ಇದನ್ನು ಪತ್ತೆ ಹಚ್ಚುವ ಪರೀಕ್ಷೆ ಬಂತು. 2012ರ ಬೇಸಿಗೆಯಲ್ಲಿ ಇಚಲಕರಂಜಿಯಲ್ಲಿ ಸಾವಿರಾರು ಜನರನ್ನು ಮಲಗಿಸಿದ್ದು ಇದೇ ಹೆಪಟೈಟಿಸ್ ಇ.

ಈಗ ಬಸುರಿ ಕಾರ್ಡಿನ ಮಾತು. ಅದರಲ್ಲಿ ಬರೆದಿರುವುದು ಹೆಪಟೈಟಿಸ್ ಬಿ ಪರೀಕ್ಷೆಯ ಫಲಿತಾಂಶ. ಎಲ್ಲ ಗರ್ಭಿಣಿಯರಿಗೂ ಅದನ್ನು ಮಾಡುತ್ತಾರೆ, ಮಾಡಲೇಬೇಕು. ಅದು ತಾಯಿಯಿಂದ ಕೂಸಿಗೆ ದಾಟಬಲ್ಲದು. ಆದರೆ ಬಿ ನೆಗೆಟಿವ್ ಇದ್ದವರಿಗೆ ಇ ಬರುವುದಿಲ್ಲ ಎಂದಲ್ಲ. ಎರಡೂ ಬೇರೆ ವೈರಸ್‌ಗಳು, ಹೆಸರಿನ ಹೊರತು ನೆಂಟಸ್ತಿಕೆ ಇಲ್ಲ. ಬೀಗರಿಗೆ ಈ ಒಂದು ಮಾತನ್ನು ದಯವಿಟ್ಟು ಬಿಡಿಸಿ ಹೇಳಿ. ಇ ವೈರಸ್ಸಿಗೆ ಚೀನಾದಲ್ಲಿ 2011ರಲ್ಲಿ ಒಂದು ಲಸಿಕೆಗೆ ಪರವಾನಗಿ ಸಿಕ್ಕಿದೆ, 2022ರಲ್ಲಿ ದಕ್ಷಿಣ ಸುಡಾನ್‌ನಲ್ಲಿ ನೆಲೆ ತಪ್ಪಿದವರ ಶಿಬಿರದಲ್ಲಿ ಅದನ್ನು ಕೊಟ್ಟರು. ನಮ್ಮ ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ ಅದು ಇಲ್ಲ.

ಬಸುರಿಯರಿಗೇ ಇದು ಯಾಕೆ ಇಷ್ಟು ಕ್ರೂರ? ಸಾಮಾನ್ಯ ಜನರಲ್ಲಿ ನೂರಕ್ಕೆ ತೊಂಬತ್ತೆಂಟು-ತೊಂಬತ್ತೊಂಬತ್ತು ಮಂದಿ ತಾವಾಗಿ ಚೇತರಿಸಿಕೊಳ್ಳುತ್ತಾರೆ. ಬಸುರಿನ ಕೊನೆಯ ಮೂರು ತಿಂಗಳಲ್ಲಿ ಬಂದರೆ, ರೋಗ ಬಂದವರಲ್ಲಿ ನೂರಕ್ಕೆ 20ರಿಂದ 25ರವರೆಗೂ ಸಾವು ಆಗಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆದರಿಸಲು ಹೇಳುತ್ತಿಲ್ಲ, 'ಎಲ್ಲರಿಗೂ ಇಳಿದಿದೆ, ಇವಳಿಗೂ ಇಳಿದೀತು' ಎಂದು ಯಾರೂ ಕಾಯದಿರಲಿ ಎಂದು ಹೇಳುತ್ತಿದ್ದೇನೆ. ಕಾರಣ ಪೂರ್ತಿ ಬಿಡಿಸಿಲ್ಲವಾದರೂ ಕೆಲವು ಎಳೆಗಳು ಕೈಗೆ ಸಿಕ್ಕಿವೆ. ಯಕೃತ್ತನ್ನು ಹಾಳುಮಾಡುವುದು ವೈರಸ್ಸಿಗಿಂತ ಹೆಚ್ಚಾಗಿ ಅದರ ಮೇಲೆ ದೇಹ ಹೂಡುವ ಕಾಳಗ. ಕೂಸನ್ನು ಕಾಪಾಡಿಕೊಳ್ಳಲು ಬಸುರಿಯ ರೋಗನಿರೋಧಕ ವ್ಯವಸ್ಥೆ ಮೊದಲೇ ತನ್ನ ನಡೆ ಬದಲಿಸಿಕೊಂಡಿರುತ್ತದೆ, ಹಾರ್ಮೋನುಗಳೂ ಏರಿರುತ್ತವೆ. ನಮ್ಮ ಕಡೆ ಮನುಷ್ಯರಲ್ಲಿ ಹರಡುವುದು ಈ ವೈರಸ್ಸಿನ ಒಂದನೇ ತಳಿ. ಜೀವಕೋಶ ಒತ್ತಡಕ್ಕೆ ಸಿಕ್ಕಾಗ ಈ ತಳಿ ಒಂದು ವಿಶೇಷ ಪ್ರೋಟೀನನ್ನು ತಯಾರಿಸಿ ಬೇಗ ಬೇಗ ಹೆಚ್ಚಿಕೊಳ್ಳುತ್ತದೆ ಎಂದು ಫರೀದಾಬಾದಿನ ಸರ್ಕಾರಿ ಸಂಶೋಧನಾ ಸಂಸ್ಥೆಯ ಮಿಲನ್ ಸುರ್ಜಿತ್ ಅವರ ತಂಡ 2016ರಲ್ಲಿ ತೋರಿಸಿತು. ಯುರೋಪಿನಲ್ಲಿ ಹಂದಿಮಾಂಸದಿಂದ ಬರುವ ಮೂರನೇ ತಳಿಗಿಂತ ಈ ಒಂದನೇ ತಳಿ ಗರ್ಭಕೋಶದ ಒಳಪದರ ಮತ್ತು ಮಾಸಿನಲ್ಲಿ ಹೆಚ್ಚು ಬೆಳೆಯುತ್ತದೆ ಎಂದು 2018ರಲ್ಲಿ ಫ್ರಾನ್ಸಿನ ಪ್ರಯೋಗಾಲಯದಲ್ಲಿ ಕಂಡುಬಂತು.

ರಕ್ತ ತಪಾಸಣೆ ಮೊದಲೇ ತಿಳಿಸುತ್ತದೆಯೇ ಎಂದಿರಿ. ಏನೂ ತೊಂದರೆ ಇಲ್ಲದವಳಿಗೆ ಈಗ ಮಾಡಿಸಿದರೆ ಉಪಯೋಗವಿಲ್ಲ, ಇಂದಿನ ನೆಗೆಟಿವ್ ಮುಂದಿನ ತಿಂಗಳಿಗೆ ಗ್ಯಾರಂಟಿ ಅಲ್ಲ. ಆದರೆ ಊಟ ಸೇರದಿರುವುದು, ವಾಂತಿ, ಮೈಬಿಸಿ, ಮೂತ್ರ ಕಂದು ಬಣ್ಣಕ್ಕೆ ತಿರುಗುವುದು, ಇವು ಶುರುವಾದರೆ ಕಣ್ಣು ಹಳದಿಯಾಗಲಿ ಎಂದು ಕಾಯದೆ ಅದೇ ದಿನ ಹೋಗಿ. ಮೂತ್ರದ ಬಣ್ಣ ಕಣ್ಣಿಗಿಂತ ಮುಂಚೆ ಹೇಳುತ್ತದೆ. ಬಿಲಿರುಬಿನ್, ಎಸ್‌ಜಿಪಿಟಿ, ಹೆಪಟೈಟಿಸ್ ಇ ಐಜಿಎಂ ಮಾಡಿಸುತ್ತಾರೆ. ಇದರ ಜೊತೆ ಪಿಟಿ-ಐಎನ್‌ಆರ್ ಆಗಿದೆಯೇ ಎಂದು ನೀವೇ ಬಾಯಿಬಿಟ್ಟು ಕೇಳಿ. ಬಿಲಿರುಬಿನ್ ಎಷ್ಟಿದೆ ಎಂದು ಎಲ್ಲರೂ ಕೇಳುತ್ತಾರೆ. ಆದರೆ ರಕ್ತ ಹೆಪ್ಪುಗಟ್ಟಿಸುವ ವಸ್ತುಗಳನ್ನು ಯಕೃತ್ತು ಇನ್ನೂ ತಯಾರಿಸುತ್ತಿದೆಯೇ ಎಂದು ಹೇಳುವುದು ಐಎನ್‌ಆರ್. ಅದು ಏರುತ್ತಿದ್ದರೆ ಐಸಿಯು ಇರುವ ದೊಡ್ಡ ಆಸ್ಪತ್ರೆಯೇ ಬೇಕು.

ತಪಾಸಣೆಗೆ ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಇದೇ ದೊಡ್ಡದು. ಏಳು-ಎಂಟು ತಿಂಗಳಲ್ಲಿ ಬರುವ ಕಾಮಣಿಯೆಲ್ಲ ನೀರಿನದ್ದೇ ಅಲ್ಲ. ಬಿಪಿ ಏರಿ ಪ್ಲೇಟ್‌ಲೆಟ್ ಇಳಿದು ಬರುವುದುಂಟು, ಯಕೃತ್ತಿನಲ್ಲಿ ದಿಢೀರನೆ ಕೊಬ್ಬು ತುಂಬಿ ಬರುವುದುಂಟು. ಈ ಎರಡರಲ್ಲಿ ತಡಮಾಡದೆ ಹೆರಿಗೆ ಮಾಡಿಸುವುದೇ ಚಿಕಿತ್ಸೆ, ಗಂಟೆಗಳ ಲೆಕ್ಕ. ಹೊರಗಿನಿಂದ ನೋಡಿದರೆ ಎಲ್ಲರ ಕಣ್ಣೂ ಒಂದೇ ಹಳದಿ. ರಕ್ತ ನೋಡದೆ ಬೇರ್ಪಡಿಸಲು ಆಗುವುದಿಲ್ಲ.

ಅದಕ್ಕೇ ಮಾಲೆಯ ವಿಷಯದಲ್ಲಿ ನಾನು ಗಟ್ಟಿಯಾಗಿ ಬೇಡ ಎನ್ನುತ್ತೇನೆ. ಬಳ್ಳಿಯ ಕಡ್ಡಿ ತುಂಡುಗಳನ್ನು ದಾರದಲ್ಲಿ ಬಿಗಿಯಾಗಿ ಕಟ್ಟಿ ತಲೆಗೆ ಹಾಕುತ್ತಾರೆ. ಕಡ್ಡಿ ಒಣಗಿ ಸೊರಗಿದಂತೆ ಗಂಟು ಸಡಿಲಾಗಿ ಮಾಲೆ ಉದ್ದವಾಗುತ್ತದೆ, ಕೊರಳಿಗೆ, ಎದೆಗೆ ಇಳಿಯುತ್ತದೆ. ಕಾಯಿಲೆ ಇಲ್ಲದವರ ತಲೆಗೆ ಹಾಕಿದರೂ ಇಳಿಯುತ್ತದೆ. ಅಷ್ಟರಲ್ಲಿ ಹೆಚ್ಚಿನವರಿಗೆ ಕಾಮಣಿಯೂ ತಾನಾಗಿ ಇಳಿದಿರುತ್ತದೆ, ನಂಬಿಕೆ ಬೆಳೆದದ್ದು ಹಾಗೆ. ಬಸುರಿಗೆ ಅಷ್ಟು ದಿನ ಸಿಗದೆ ಹೋಗಬಹುದು. ಬೀಗರ ಮನಸ್ಸು ನೋಯಿಸಬಾರದೆಂದಿದ್ದರೆ, 'ಮೊದಲು ರಿಪೋರ್ಟ್ ಬರಲಿ, ಆಮೇಲೆ ಮಾತಾಡೋಣ' ಎನ್ನಿ. ಸೊಪ್ಪಿನ ರಸ ಬೇಡ, ಕೇಳದೆ ಯಾವ ಗುಳಿಗೆಯೂ ಬೇಡ. ಎಣ್ಣೆ, ಅರಿಶಿಣ ಬಿಡಿಸಿ ಬರೀ ಗಂಜಿಯ ಮೇಲೆ ಇಡುವುದೂ ತಪ್ಪು. ಕಣ್ಣಿನ ಹಳದಿ ಅರಿಶಿಣದ್ದಲ್ಲ. ಅವಳಿಗೆ ಎರಡು ಜೀವದ ಊಟ ಬೇಕು, ರೊಟ್ಟಿ, ಬ್ಯಾಳಿ, ಹಾಲು, ಸೇರಿದಷ್ಟು ಉಣ್ಣಲಿ.

ನೀರಿಗೆ ಬರೋಣ. ದೂಧಗಂಗೆ ನಮ್ಮ ಊರ ಮುಂದೆ ಹರಿಯುತ್ತದೆ, ಸ್ವಚ್ಛ ನೀರು ಎಂದು ನಿಮಗೆ ಹೆಮ್ಮೆ ಇದ್ದೀತು. ತಮ್ಮ ಕಡೆಯ ಪಂಚಗಂಗೆ ನದಿ ಕೆಟ್ಟಿದೆ ಎಂದೇ ಇಚಲಕರಂಜಿಯವರು ಸುಳಕೂಡದಿಂದ ನೀರು ಕೇಳಿದರು. ತಮ್ಮ ಹೊಲಕ್ಕೆ, ಬಾಯಿಗೆ ಕಡಿಮೆಯಾದೀತೆಂದು ನದಿಯ ದಂಡೆಯ ರೈತರು ಬೇಡವೆಂದರು. ಎರಡೂ ಕಡೆಯವರ ಸಂಕಟ ನಿಜ. ಆದರೆ ನಿಮ್ಮ ಮಗಳಿಗೆ ಕೊಡುವ ನೀರು ದೂಧಗಂಗೆಯದ್ದಾದರೂ ಕುದಿಸಿಯೇ ಕೊಡಿ. ಮಲದ ಒಂದು ಹನಿ ಬೆರೆತರೂ ಕಣ್ಣಿಗೆ ಕಾಣದು, ಬಟ್ಟೆಯಲ್ಲಿ ಸೋಸಿದರೆ ವೈರಸ್ ನಿಲ್ಲದು. ಗುಳ್ಳೆಯೆದ್ದು ಕುದಿಯಲು ಶುರುವಾದ ಮೇಲೆ ಇನ್ನೂ ಒಂದೆರಡು ನಿಮಿಷ ಬಿಟ್ಟು ಇಳಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಡಿ. ಹೊರಗಿನ ಕಬ್ಬಿನ ಹಾಲು, ಬರ್ಫದ ಗೋಲಾ, ಪಾನಿಪುರಿ ಸದ್ಯಕ್ಕೆ ಬೇಡ. ಇಚಲಕರಂಜಿಯ ಮನೆಯವರಿಗೂ ಇವತ್ತೇ ಫೋನ್ ಮಾಡಿ ನೀರು ಕುದಿಸಲು ಹೇಳಿ, ಅವಳು ಹೊರಡುವವರೆಗೆ ಕಾಯಬೇಡಿ. ಕಾಮಣಿಯಾದ ಆ ನೆರೆಯವರನ್ನು ಯಾರೂ ದೂರ ಇಡಬೇಕಿಲ್ಲ; ಈ ವೈರಸ್ ಒಬ್ಬರಿಂದ ಒಬ್ಬರಿಗೆ ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಆ ಇಬ್ಬರ ಸುದ್ದಿಯನ್ನು ಆಶಾ ತಾಯಿಗೆ ಮುಟ್ಟಿಸಲಿ. ಓಣಿಯ ಪೈಪು ಎಲ್ಲಿ ಒಡೆದು ಗಟಾರ ಸೇರಿದೆ ಎಂದು ಹುಡುಕಲು ಮಹಾನಗರಪಾಲಿಕೆಗೆ ಆ ಮಾಹಿತಿ ಬೇಕು.

ಹಗಲೆಲ್ಲ ಮಲಗಿ ರಾತ್ರಿ ಎಚ್ಚರವಿರುವುದು, ತಡವರಿಸಿ ಮಾತಾಡುವುದು, ವಸಡಿನಿಂದ ರಕ್ತ, ಕೂಸಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಊರಿನ ದವಾಖಾನೆ ಬೇಡ. 108ಕ್ಕೆ ಫೋನ್ ಮಾಡಿ ಕೊಲ್ಲಾಪುರದ ಸಿಪಿಆರ್‌ನಂಥ ದೊಡ್ಡ ಆಸ್ಪತ್ರೆಗೇ ನೇರ ಹೋಗಿ. ಬರುವಾಗ ಮಗಳು ಬಸುರಿ ಕಾರ್ಡು, ಸೋನೋಗ್ರಫಿ, ಬಿಪಿ ಬರೆದ ಚೀಟಿ ಎಲ್ಲವನ್ನೂ ತರಲಿ, ಬಂದ ವಾರವೇ ನಿಮ್ಮ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ, ಇಚಲಕರಂಜಿಯ ಆ ಓಣಿಯಿಂದ ಬಂದಿದ್ದಾಳೆ ಎಂದು ಅಲ್ಲಿಯ ಡಾಕ್ಟರಿಗೆ ಮರೆಯದೆ ತಿಳಿಸಿ.