ಇಟ್ಟಿಗೆ ತೆಗೆದುಹಾಕು: ಅಳಿಯನಿಗೊಂದು ಕಾಗದ

ಚಿರಂಜೀವಿ ಅಳಿಯನಿಗೆ,

ಮೊನ್ನೆ ನೀನು ಮೊಬೈಲಿಗೆ ಕಳಿಸಿದ ಫೋಟೋ ನೋಡಿದೆ. ಮರ ಕೊಯ್ಯುವ ನಿನ್ನ ಮಿಷೀನು ಚೆನ್ನಾಗಿದೆ. ಆದರೆ ದಿಮ್ಮಿ ಮಲಗಿಸುವ ಬೆಡ್ಡಿನ ಮುಂದಿನ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ, ಹಿಂದಿನ ಕಾಲಿಗೆ ಒಂದು ಹಲಸಿನ ಹಲಗೆ ಚೂರು ಕಾಣಿಸಿತಲ್ಲ, ಅದನ್ನು ನೋಡಿದ ಮೇಲೆ ನನಗೆ ಸಮಾಧಾನವಿಲ್ಲ. ಫೋನಿನಲ್ಲಿ ಹೇಳಿದರೆ "ಆಯ್ತು ಮಾವ" ಅಂದು ಮರೆತುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರಿಕೆಗೆ ಕೊಡುತ್ತಿರುವುದು ಯಾಕೆಂದರೆ, ತೋಟದ ಅಂಚಿನ ಸಿಲ್ವರ್ ಓಕಿಗೆ ದಲ್ಲಾಳಿ ಹೇಳಿದ ರೇಟು ಕೇಳಿ ರೋಸಿಹೋಗಿ "ನಾವೇ ಕೊಯ್ದುಕೊಂಡರೆ ಹೇಗೆ" ಅನ್ನುವ ಹುಡುಗರು ನೀನೊಬ್ಬನೇ ಅಲ್ಲ.

ಮೊದಲು ಕಾಗದಪತ್ರದ ಮಾತು ಮುಗಿಸಿಬಿಡುತ್ತೇನೆ. ಮಿಷೀನಿಗೆ ಚಕ್ರ ಇದೆ, ಎಳೆದುಕೊಂಡು ಹೋಗಬಹುದು ಅಂದ ಮಾತ್ರಕ್ಕೆ ಅದು ಸಾಮಿಲ್ಲು ಅಲ್ಲ ಅಂತ ಆಗುವುದಿಲ್ಲ. 1996ರಲ್ಲಿ ಗೋದಾವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆದೇಶ ಕೊಟ್ಟಾಗಿನಿಂದ ಸಾಮಿಲ್ ಲೈಸೆನ್ಸು ಸುಲಭದ ಮಾತಲ್ಲ. ಮರ ಕಡಿಯುವುದಕ್ಕೂ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಸಿಲ್ವರ್ ಓಕು, ನೀಲಗಿರಿ, ಸರ್ವೆಗೆ ಅದರಲ್ಲಿ ವಿನಾಯಿತಿ ಉಂಟು. ಹಲಸು, ಬೇವಿನ ವಿಷಯಕ್ಕೆ ಮಾತ್ರ ಕೇಳದೆ ಕೈಹಾಕಬೇಡ. ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ, ಬಾಯಿಮಾತಿನಲ್ಲಿ ಅಲ್ಲ, ಬರವಣಿಗೆಯಲ್ಲಿ ಕೇಳು. ಉತ್ತರ ಬರುವವರೆಗೆ ಬೆಡ್ಡು ಕೂರಿಸುವ ಕೆಲಸ ನಿಧಾನಕ್ಕೆ ಮಾಡಿಕೊಂಡಿರು. ಅದಕ್ಕೆ ಬೇಕಾದಷ್ಟು ಸಮಯ ಹಿಡಿಯುತ್ತೆ.

ಈಗ ಇಟ್ಟಿಗೆಗೆ ಬರುತ್ತೇನೆ.

ನಾನು ನಲವತ್ತು ವರ್ಷ ದುಡಿದದ್ದು ನಿಂತ ಬ್ಯಾಂಡ್ ಸಾ ಮಿಲ್ಲಿನಲ್ಲಿ. ಅಲ್ಲಿ ಗರಗಸ ಒಂದೇ ಕಡೆ ನಿಂತಿರುತ್ತೆ, ದಿಮ್ಮಿ ಟ್ರಾಲಿ ಹತ್ತಿ ಹಳಿಯ ಮೇಲೆ ಅದರ ಹತ್ತಿರ ಹೋಗುತ್ತೆ. ನಿನ್ನದರಲ್ಲಿ ದಿಮ್ಮಿ ಮಲಗಿರುತ್ತೆ, ಗರಗಸವೇ ಹಳಿ ಹಿಡಿದು ಬರುತ್ತೆ. ಯಾವುದು ಓಡಿದರೂ ಹಳಿಯ ಡೊಂಕು ಹಲಗೆಗೆ ಇಳಿಯುವುದು ತಪ್ಪದು. ನನಗೆ ಇದು ಗೊತ್ತಾದದ್ದು ಹೇಗೆ ಅಂತ ಕೇಳು. ವಯಸ್ಸಿನಲ್ಲಿ ನಾನಿದ್ದ ಒಂದು ಮಿಲ್ಲಿನಲ್ಲಿ, ಹೆಸರು ಬೇಡ, ಹಳಿಯ ಹಿಂದಿನ ತುದಿ ಹಳೆಯ ಗುಂಡಿಗೆ ಮಣ್ಣು ತುಂಬಿದ ಜಾಗದ ಮೇಲಿತ್ತು. ಹಸ್ತ ಮಳೆ ಹಿಡಿದು ಹೊಡೆಯಿತು. ದಿನಾ ಬೆಳಿಗ್ಗೆ ರಸಮಟ್ಟ ಇಟ್ಟು ನೋಡುವುದು ನನ್ನ ಕೆಲಸ. ನೋಡುತ್ತಲೂ ಇದ್ದೆ, ನಾನು ನಿಲ್ಲುವ ಈಚೆ ತುದಿಯಲ್ಲಿ ಮಾತ್ರ. ಗುಳ್ಳೆ ನಡುವೆ ನಿಂತಿರುತ್ತಿತ್ತು. ಆ ವಾರ ಒಬ್ಬರ ಮನೆಯ ಮುಂಬಾಗಿಲ ಚೌಕಟ್ಟಿಗೆ ಹಲಸಿನ ದಿಮ್ಮಿ ಕೊಯ್ದುಕೊಟ್ಟೆವು. ಎರಡು ದಿನ ಬಿಟ್ಟು ಅವರ ಆಚಾರಿ ಒಂದು ತೊಲೆ ಹೊತ್ತು ತಂದ. ಮಾತಾಡಲಿಲ್ಲ. ಗಾರೆ ನೆಲದ ಮೇಲೆ ಮಲಗಿಸಿ, ಒಂದು ಮೂಲೆಯನ್ನು ಬೆರಳಿನಿಂದ ಒತ್ತಿದ. ಎದುರು ಮೂಲೆ ಎದ್ದಿತು. ಬಿಟ್ಟ, ಕೂತಿತು. ಟಕ್ಕು, ಟಕ್ಕು. ಹೀಗೇ ನಾಲ್ಕೈದು ಸಲ ಮಾಡಿ ನನ್ನ ಮುಖ ನೋಡಿದ. ಅಳತೆಪಟ್ಟಿ ಹಿಡಿದರೆ ದಪ್ಪದಲ್ಲಿ ತಪ್ಪೇ ಇಲ್ಲ, ತೊಲೆ ಮಾತ್ರ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿತ್ತು.

ಆದ್ದರಿಂದ ಮಟ್ಟ ಬೇರೆ, ತಿರುಚು ಬೇರೆ ಅನ್ನುವುದನ್ನು ಮೊದಲು ತಲೆಗೆ ಹಾಕಿಕೋ. ಇಡೀ ಬೆಡ್ಡು ಒಂದೇ ಕಡೆಗೆ ಒಂದಿಷ್ಟು ಇಳಿಜಾರಾಗಿದ್ದರೂ ಹಲಗೆ ನೇರವಾಗಿಯೇ ಬರುತ್ತೆ. ಗರಗಸದ ಹೆಡ್ಡು ತಾನಾಗಿ ಜಾರಬಾರದು, ದಿಮ್ಮಿ ಉರುಳಬಾರದು ಅಂತ ಮಟ್ಟ ಮಾಡುತ್ತೇವೆ, ಅಷ್ಟೆ. ಆದರೆ ಈ ತುದಿ ಎಡಕ್ಕೆ, ಆ ತುದಿ ಬಲಕ್ಕೆ ಕೂದಲೆಳೆಯಷ್ಟು ವಾಲಿದರೂ ಕೆಲಸ ಕೆಟ್ಟಿತು. ನಮ್ಮಜ್ಜಿ ಮನೆಯ ನುಲಿಮಂಚವನ್ನು ಅಂಗಳದಲ್ಲಿ ಹಾಕಿದಾಗ ಒಂದು ಕಾಲು ಗಾಳಿಯಲ್ಲಿರುತ್ತಿತ್ತು, ಯಾರಾದರೂ ಕೂತರೆ ನೆಲ ಮುಟ್ಟುತ್ತಿತ್ತು, ನೆನಪಿದೆಯಾ? ನಿನ್ನ ಬೆಡ್ಡೂ ಹಾಗೇ. ದಿಮ್ಮಿ ಬಿದ್ದ ಕೂಡಲೇ ಸುಳ್ಳು ಕಾಲುಗಳೆಲ್ಲ ನೆಲ ಹುಡುಕುತ್ತವೆ.

ಜಾಗದ ವಿಚಾರ. ಕಣದ ಪಕ್ಕ ಬೇಡ, ಅದು ಕೆರೆಮಣ್ಣು ಹೊಡೆಸಿ ಏರಿಸಿದ ಜಾಗ. ಆವತಿ ಬೆಟ್ಟದ ಕಡೆಗಿರುವ ಮೇಲಿನ ತುಂಡಿನಲ್ಲಿ ಒಂದಡಿ ಅಗೆದರೆ ಗಟ್ಟಿ ಗರಸು ಸಿಗುತ್ತೆ, ಅಲ್ಲಿ ಕೂರಿಸು. ಆವತಿ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡರು 1501ರಲ್ಲಿ ದೇವನಹಳ್ಳಿಯಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. ಅದು ಕಲ್ಲಿನದಾಗಿದ್ದು ಹೈದರಾಲಿ, ಟಿಪ್ಪು ಕಾಲಕ್ಕೆ. ಮಣ್ಣನ್ನು ನಂಬಿ ಅವರು ಕೋಟೆ ಕಟ್ಟಿದರು ನಿಜ, ಅವರಿಗೆ ಕೂದಲೆಳೆ ಲೆಕ್ಕ ಇರಲಿಲ್ಲ. ನಿನಗಿದೆ. ಮೇಲಿನ ಸಡಿಲ ಮಣ್ಣು ತೆಗೆಸಿ, ಜಲ್ಲಿ ಹಾಕಿ ದಮ್ಮಸ್ಸು ಮಾಡಿಸು. ಪ್ರತಿ ಕಾಲಿಗೂ ಒಂದು ಚಪ್ಪಡಿ ಬೇಕು. ಕೊಯಿರಾ ಕಲ್ಲು ನಮ್ಮ ತಾಲ್ಲೂಕಿನಲ್ಲೇ ಇರುವಾಗ ಇಟ್ಟಿಗೆ ಯಾಕೆ? ಎಂಟಡಿ ಉದ್ದ, ಎರಡಡಿ ದಪ್ಪದ ಹಸಿ ದಿಮ್ಮಿ ಅರ್ಧ ಟನ್ನಿಗೆ ಕಡಿಮೆ ತೂಗುವುದಿಲ್ಲ, ಅದನ್ನು ಉರುಳಿಸಿ ಬೀಳಿಸುವಾಗಿನ ಏಟು ಇನ್ನೂ ಜಾಸ್ತಿ. ಇಟ್ಟಿಗೆ ಪುಡಿಯಾಗುತ್ತೆ, ಹಲಗೆ ಚೂರು ಮಳೆಗೆ ಉಬ್ಬಿ ಬಿಸಿಲಿಗೆ ಸೊರಗುತ್ತೆ. ಬೆಡ್ಡಿನ ಎರಡು ತುಂಡು ಸೇರುವ ಕಡೆ ಕಾಲಿಲ್ಲದಿದ್ದರೆ ಅಲ್ಲೊಂದು ಚಪ್ಪಡಿ ಹೆಚ್ಚಿಗೇ ಹಾಕು. ಜಗ್ಗುವುದು ಯಾವಾಗಲೂ ಜೋಡಣೆಯಲ್ಲೇ. ಮಳೆನೀರು ಹರಿದುಹೋಗಲು ಸುತ್ತ ಒಂದು ಚಿಕ್ಕ ಕಾಲುವೆ ಇರಲಿ.

ಮಟ್ಟ ಹಿಡಿಯುವ ದಿನ ಸೂರ್ಯ ಹುಟ್ಟುವ ಮುಂಚೆ ಎದ್ದು ಹೋಗು. ಮಧ್ಯಾಹ್ನದ ಬಿಸಿಲಿಗೆ ಒಂದು ಹಳಿ ಕಾದು ಇನ್ನೊಂದು ನೆರಳಿನಲ್ಲಿದ್ದರೆ ಕಬ್ಬಿಣ ನಿನ್ನ ಕಣ್ಣೆದುರೇ ಬಾಗುತ್ತೆ, ನಿನಗೆ ಕಾಣುವುದಿಲ್ಲ. ರಸಮಟ್ಟ ನಂಬುವ ಮುಂಚೆ ಅದನ್ನೇ ಪರೀಕ್ಷೆ ಮಾಡು: ಒಂದು ಕಡೆ ಇಟ್ಟು ಗುಳ್ಳೆ ನೋಡು, ಅದೇ ಜಾಗದಲ್ಲಿ ತಿರುಗುಮುರುಗಾಗಿ ಇಟ್ಟು ಮತ್ತೆ ನೋಡು. ಎರಡು ಸಲವೂ ಒಂದೇ ಕಡೆ ನಿಂತರೆ ಸರಿ. ಇಲ್ಲವಾದರೆ ಆಣಿಗೆ ನೇತುಹಾಕು, ಅಲಂಕಾರಕ್ಕಿರಲಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಮಟ್ಟ ತರಲು ಗಾರೆಯವರ ನೀರಿನ ಪೈಪಿಗಿಂತ ಒಳ್ಳೆಯದಿಲ್ಲ. ಪೈಪಿನೊಳಗೆ ಗಾಳಿಗುಳ್ಳೆ ಉಳಿಯಬಾರದು, ಅಷ್ಟೆ.

ಎರಡೂ ತುದಿ ಅಡ್ಡಮಟ್ಟಕ್ಕೆ ಬಂದ ಮೇಲೆ ನಾಲ್ಕು ಮೂಲೆಗೆ ಅಡ್ಡಡ್ಡ ಎರಡು ದಾರ ಕಟ್ಟು. ನಡುವೆ ದಾರಗಳು ಒಂದಕ್ಕೊಂದು ಮುಟ್ಟಿಯೂ ಮುಟ್ಟದಂತೆ ಇರಬೇಕು. ಮೇಲಿನದನ್ನು ಕೆಳಗೆ ಮಾಡಿ ಇನ್ನೊಮ್ಮೆ ನೋಡು. ಸಂದು ಬಿಟ್ಟರೆ, ಇಲ್ಲವೇ ಒಂದು ದಾರ ಇನ್ನೊಂದನ್ನು ಒತ್ತಿದರೆ, ಬೆಡ್ಡು ತಿರುಚಿದೆ ಅಂತ ಲೆಕ್ಕ. ಆಮೇಲೆ ಹಳಿಯ ಉದ್ದಕ್ಕೆ. ಒಂದೇ ಥರದ ಮೂರು ಐದು ರೂಪಾಯಿ ನಾಣ್ಯ ಜೇಬಿನಲ್ಲಿಟ್ಟುಕೊ. ಎರಡು ತುದಿಗೆ ಎರಡು ನಾಣ್ಯ ಇಟ್ಟು ಮೇಲೆ ಮೀನು ಹಿಡಿಯುವ ನೈಲಾನ್ ದಾರ ಬಿಗಿ. ಸೆಣಬಿನ ಹುರಿ ಬೇಡ, ಅದು ಜೋಲುತ್ತೆ. ಮೂರನೇ ನಾಣ್ಯವನ್ನು ಹಳಿಯುದ್ದಕ್ಕೂ ದಾರದ ಕೆಳಗೆ ತಳ್ಳುತ್ತ ಹೋಗು. ದಾರ ಎದ್ದರೆ ಅಲ್ಲಿ ಹಳಿ ಉಬ್ಬಿದೆ, ಸಂದು ಕಂಡರೆ ಜಗ್ಗಿದೆ. ಸಂದು ಎಷ್ಟು ಅಂತ ಹ್ಯಾಕ್ಸಾ ಬ್ಲೇಡು ತೂರಿಸಿ ನೋಡು. ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಬ್ಲೇಡು ಸಲೀಸಾಗಿ ಹೋದರೆ ಕಾಲಿನ ಕೆಳಗೆ ತಗಡು ಸೇರಿಸು. ಮರದ ಬೆಣೆ ಬೇಡ, ಕಬ್ಬಿಣದ ತಗಡೇ ಆಗಬೇಕು.

ಇಷ್ಟಾದ ಮೇಲೂ ಕೊಯ್ಯಬೇಡ. ಇರುವುದರಲ್ಲಿ ದೊಡ್ಡ ದಿಮ್ಮಿ ಹತ್ತಿಸಿ, ಎರಡು ಸಲ ಹೊರಳಿಸಿ, ಇಳಿಸು. ಈಗ ಮೊದಲಿನಿಂದ ಎಲ್ಲವನ್ನೂ ಮತ್ತೆ ನೋಡು. ಮೊದಲನೇ ಸಲ ಬದಲಾಗದ ಬೆಡ್ಡನ್ನು ನಾನಿನ್ನೂ ಕಂಡಿಲ್ಲ. ಕೊನೆಗೆ ಮಿಷೀನು ಆರಿಸಿ, ಬ್ಯಾಟರಿ ತಂತಿ ಬಿಚ್ಚಿ, ಬ್ಲೇಡಿನಿಂದ ಪ್ರತಿ ಅಡ್ಡಪಟ್ಟಿಗೆ ಎಡಕ್ಕೂ ಬಲಕ್ಕೂ ಅಳೆ. ಎಲ್ಲ ಕಡೆ ಒಂದೇ ಅಳತೆ ಬರಬೇಕು. ಅಡ್ಡಪಟ್ಟಿ ಒಂದು ತಗ್ಗಿದ್ದರೆ ದಿಮ್ಮಿ ಅದರ ಮೇಲೆ ಕೂರುವುದೇ ಇಲ್ಲ.

ತಪ್ಪು ಎಲ್ಲಿದೆ ಅಂತ ಹಲಗೆಯೇ ಹೇಳುತ್ತೆ, ಓದಲು ಕಲಿ. ಹಳಿ ನಡುವೆ ಜಗ್ಗಿದ್ದರೆ ಗರಗಸ ಅಲ್ಲಿ ಇಳಿದು ಏಳುತ್ತೆ. ಹಾಗೆ ಬಂದ ಹಲಗೆಗಳು ದಪ್ಪದಲ್ಲಿ ಸಮವೇ ಇರುತ್ತವೆ, ಮೋಸ ಗೊತ್ತಾಗುವುದಿಲ್ಲ. ದಿಮ್ಮಿ ಮಗುಚಿ ಇನ್ನೊಂದು ಮುಖ ಕೊಯ್ದು, ಉಳಿದ ತೊಲೆಯ ದಪ್ಪ ಅಳೆದಾಗ ನಡುವೆ ತೆಳ್ಳಗೆ, ತುದಿಗೆ ದಪ್ಪ. ಹಳಿ ಉಬ್ಬಿದ್ದರೆ ಇದರ ತಿರುಗುಮುರುಗು. ಹಲಗೆಯ ಮೇಲೆ ಅಲೆಅಲೆ ಎದ್ದಿದ್ದರೆ ಬೆಡ್ಡನ್ನು ಬೈಯಬೇಡ, ಬ್ಲೇಡು ಮೊಂಡಾಗಿದೆ, ಇಲ್ಲವೇ ಬಿಗಿ ಸಾಲದು, ಇಲ್ಲವೇ ನೀನು ಅವಸರದಲ್ಲಿ ತಳ್ಳಿದ್ದೀಯ.

ಇನ್ನು ನೀಲಗಿರಿ. ಅದು ನಮ್ಮ ದೇಶಕ್ಕೆ ಮೊದಲು ಬಂದದ್ದು ನಿನ್ನ ತೋಟದಿಂದ ಕಾಣುವ ನಂದಿಬೆಟ್ಟಕ್ಕೇ, 1790ರ ಸುಮಾರಿಗೆ, ಟಿಪ್ಪು ಕಾಲದಲ್ಲಿ. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ತೋಪು ಕಿತ್ತವರ ಮರ ಅಗ್ಗಕ್ಕೆ ಸಿಕ್ಕಿತು ಅಂತ ಅದರಲ್ಲೇ ಕೈಕುದುರಿಸಿಕೊಳ್ಳಲು ಹೋಗಬೇಡ. ಆ ಮರದೊಳಗೆ ಬೆಳೆಯುವಾಗಿನ ಬಿಗಿತ ಹಾಗೇ ಕೂತಿರುತ್ತೆ. ಬ್ಲೇಡು ತಾಗಿದ ಕೂಡಲೇ ತುದಿ ಬಾಯಿ ಬಿಡುತ್ತೆ, ಹಲಗೆ ಬಿಲ್ಲಿನ ಹಾಗೆ ಏಳುತ್ತೆ. ಸರಿಯಾಗಿ ಕೂತ ಬೆಡ್ಡನ್ನೂ ಅದು ತಪ್ಪು ಅಂತ ತೋರಿಸುತ್ತೆ, ನೀನು ತಗಡು ಸೇರಿಸಿ, ತೆಗೆದು, ಇದ್ದದ್ದನ್ನೂ ಕೆಡಿಸುತ್ತೀಯ. ಮೊದಲ ಹತ್ತು ದಿಮ್ಮಿ ಸಿಲ್ವರ್ ಓಕೇ ಇರಲಿ. ಆಮೇಲೆ ನೀಲಗಿರಿ ಹಾಕಿದರೆ ಒಂದೇ ಮುಖದಿಂದ ಕೊಯ್ಯುತ್ತ ಹೋಗದೆ, ಎರಡು ಹಲಗೆ ತೆಗೆದು ಮಗುಚು, ಆ ಕಡೆ ಎರಡು ತೆಗೆದು ಮತ್ತೆ ಮಗುಚು.

ಬ್ಲೇಡಿನ ನೇರಕ್ಕೆ ಯಾರೂ ನಿಲ್ಲಬಾರದು. ಪಂಚೆ ಉಟ್ಟು ಹತ್ತಿರ ಬರುವವರನ್ನು, ನಿಮ್ಮಪ್ಪನನ್ನೂ ಸೇರಿಸಿ, ಆಚೆ ಕಳಿಸು.

ಭಾನುವಾರ ಮೊದಲ ಬಸ್ಸಿಗೆ ವಿಜಯಪುರದಿಂದ ಹೊರಡುತ್ತೇನೆ. ನೀರಿನ ಪೈಪು ನಾನೇ ತರುತ್ತೇನೆ, ನೈಲಾನ್ ದಾರ ನೀನು ತಂದಿಡು. ಅಷ್ಟರಲ್ಲಿ ಚಪ್ಪಡಿ ಬಂದಿರಲಿ. ನಾನು ಬರುವ ಹೊತ್ತಿಗೆ ಆ ಇಟ್ಟಿಗೆಗಳು ಕಣ್ಣಿಗೆ ಬೀಳಬಾರದು. ನಿಮ್ಮಮ್ಮ ನೀರೊಲೆ ಹಾಕಿಸಬೇಕು ಅನ್ನುತ್ತಿದ್ದಳು, ಅವಳಿಗೆ ಕೊಡು.

ಇಂತಿ,
ನಿನ್ನ ಸೋದರಮಾವ