ಕಾರಿನ ಕೆಂಪು ದೀಪ

ನಮ್ಮ ಚಿಕ್ಕಪ್ಪನ ಹತ್ರ ಹಳೇ ಮಾರುತಿ 800 ಇದೆ. (ಈ ಕಾರು ತಯಾರಾಗಿದ್ದು 1983ರಿಂದ 2014ರವರೆಗೆ.) ಹೋದ ತಿಂಗಳು ಅಜ್ಜಿಯನ್ನು ಮಂಡ್ಯದ ಆಸ್ಪತ್ರೆಗೆ ಕರ್ಕೊಂಡು ಹೋಗುವಾಗ ಕೊಪ್ಪ ಬಿಟ್ಟ ಮೇಲೆ ಒಂದು ತಿರುವಿನಲ್ಲಿ ಬ್ರೇಕಿನ ಕೆಂಪು ದೀಪ ಹತ್ತಿತು. ನೇರ ರಸ್ತೆಗೆ ಬಂದಾಗ ಆರಿತು. "ವೈರ್ ಲೂಸಾಗಿರ್ಬೇಕು ಕಣ್ಲಾ" ಅಂದರು ಚಿಕ್ಕಪ್ಪ. ವೈರ್ ಸರಿಯಾಗೇ ಇತ್ತು.

ಆ ದೀಪ ಹತ್ತುವುದು ಎರಡು ಕಾರಣಕ್ಕೆ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸದಿದ್ದರೆ ಹತ್ತುತ್ತದೆ, ಅದನ್ನು ನೋಡುವುದು ಸುಲಭ. ಇನ್ನೊಂದು, ಬಾನೆಟ್ಟಿನೊಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಕಮ್ಮಿಯಾದರೆ. ಡಬ್ಬಿಯೊಳಗೆ ತೇಲುವ ಬೆಂಡು ಇದೆ. ಆಯಿಲ್ ಇಳಿದರೆ ಅದೂ ಇಳಿದು ದೀಪ ಹತ್ತಿಸುತ್ತದೆ. ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ವಾಲುವುದರಿಂದ ಮೊದಲು ಅಲ್ಲೇ ಮಿನುಗುವುದು.

ಚಿಕ್ಕಪ್ಪ ಆಯಿಲ್ ತುಂಬಿಸಿದರು. ದೀಪ ಆರಿತು, ಎಲ್ಲರಿಗೂ ಸಮಾಧಾನ. ನಾಲ್ಕೇ ದಿನಕ್ಕೆ ಮತ್ತೆ ಹತ್ತಿತು!

ಆಮೇಲೆ ಮದ್ದೂರಿನ ಮೆಕ್ಯಾನಿಕ್ ಹತ್ರ ಹೋದೆವು. ಇದು ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಿಲ್ಲವಂತೆ. ಮುಂದಿನ ಚಕ್ರದ ಪ್ಯಾಡ್ ಸವೆದರೆ ಮಟ್ಟ ಇಳಿಯುತ್ತದೆ, ಆದರೆ ಅದು ಬಲು ನಿಧಾನ. ಬೇಗ ಇಳಿದರೆ ಎಲ್ಲೋ ಸೋರುತ್ತಿದೆ ಅಂತಲೇ. ಹಿಂದಿನ ಚಕ್ರ ಬಿಚ್ಚಿ ಡ್ರಮ್ ತೆಗೆದರು. ಒಳಗೆಲ್ಲ ಒದ್ದೆ! ವೀಲ್ ಸಿಲಿಂಡರಿನ ರಬ್ಬರ್ ಹಾಳಾಗಿತ್ತು.

ಪಾಸ್ಕಲನ ನಿಯಮ ಓದಿದ್ದೇವಲ್ಲ, ಪೆಡಲ್ ತುಳಿದ ಒತ್ತಡ ಈ ಆಯಿಲ್ ಮೂಲಕವೇ ಚಕ್ರಕ್ಕೆ ಹೋಗುವುದು. ಆಯಿಲ್ ಸೋರಿ ಗಾಳಿ ಸೇರಿದರೆ ಗಾಳಿ ಕುಗ್ಗುತ್ತದೆ, ಪೆಡಲ್ ಮೆತ್ತಗೆ ತಳಕ್ಕೆ ಇಳಿಯುತ್ತದೆ. ಬದಲಿಗೆ ಎಂಜಿನ್ ಆಯಿಲ್ ಮಾತ್ರ ಹಾಕಲೇಬಾರದು, ರಬ್ಬರೆಲ್ಲ ಊದಿಕೊಳ್ಳುತ್ತದೆ.

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ಅಜ್ಜಿ ಕೇಳಿತು: "ಅವತ್ತು ಅಂಗೇ ಮಂಡ್ಯಗಂಟ ಹೋಗ್ಬುಟ್ವಾ?" ಚಿಕ್ಕಪ್ಪ ಮಾತಾಡಲಿಲ್ಲ.