ಇಂದಿನ ಧಮ್ಮ ಚಿಂತನೆ: ಹತ್ತು ದಿನದ ಪಾತ್ರೆ



ಜಪಾನಿನ ಅರಿತಾ ಊರಿನ ಪಿಂಗಾಣಿ ಕಪ್‌ಗಳನ್ನು ಮೊಬೈಲಿನಲ್ಲಾದರೂ ನೋಡಿರುತ್ತೀರಿ. ಹಿಂದೆ ಅಲ್ಲಿಯ ಗುಡ್ಡದ ಬಿಳಿ ಕಲ್ಲನ್ನು ಪುಡಿ ಮಾಡಿ, ಸುಮಾರು 1300 ಡಿಗ್ರಿ ಶಾಖದಲ್ಲಿ ಸುಡುತ್ತಿದ್ದರು. 1616ರಲ್ಲಿ ಕೊರಿಯಾದ ಒಬ್ಬ ಕುಂಬಾರ ಆ ಕಲ್ಲನ್ನು ಕಂಡುಹಿಡಿದನೆಂಬುದು ಅಲ್ಲಿಯವರ ನಂಬಿಕೆ. ಕೆಲವು ಎಷ್ಟು ತೆಳುವೆಂದರೆ, ಬೆಳಕಿಗೆ ಹಿಡಿದರೆ ಹಿಂದಿನ ಬೆರಳಿನ ನೆರಳು ಕಾಣುತ್ತದೆ. ಒಂದು ಸಿಕ್ಕರೆ ಇನ್ನೊಂದು ಬೇಕೆನಿಸುವುದು ಸಹಜ. ನಮ್ಮ ರಾವೂರಿನ ಮನೆಗಳ ಶೋಕೇಸಿನಲ್ಲೂ ಹೂವಿನ ಕಪ್ಪು-ಬಸಿ ಇವೆ. ಅವು ಚಹಾ ಕಂಡಿಲ್ಲ ಅಷ್ಟೆ.

ಪಾತ್ರೆ ಕೂಡಿಸುವ ಆಸೆ ಭಗವಾನರ ಕಾಲದಲ್ಲೂ ಇತ್ತು. ಛಬ್ಬಗ್ಗಿಯ ಭಿಕ್ಖುಗಳು ಭಿಕ್ಷಾಪಾತ್ರೆಗಳನ್ನು ರಾಶಿ ಹಾಕಿದ್ದನ್ನು ನೋಡಿ ಜನ, ಇವರೇನು ಗಡಿಗೆ ಅಂಗಡಿ ಇಡುತ್ತಾರೇನು ಎಂದು ಆಡಿಕೊಂಡರೆಂದು ವಿನಯಪಿಟಕ ಹೇಳುತ್ತದೆ. ಹೆಚ್ಚಿನ ಪಾತ್ರೆ ಇಟ್ಟುಕೊಳ್ಳಬಾರದೆಂಬ ನಿಯಮ ಬಂತು. ಆಮೇಲೆ ಆನಂದರಿಗೆ ಒಂದು ಹೆಚ್ಚಿನ ಪಾತ್ರೆ ಸಿಕ್ಕಿತು. ಅದನ್ನು ಸಾರಿಪುತ್ತರಿಗೆ ಕೊಡುವ ಮನಸ್ಸು. ಆದರೆ ಸಾರಿಪುತ್ತರು ಸಾಕೇತದಲ್ಲಿದ್ದರು, ಬರಲು ಒಂಬತ್ತು-ಹತ್ತು ದಿನ ಬೇಕು. ಆಗ ಭಗವಾನರು ನಿಯಮ ಸಡಿಲಿಸಿ ಹತ್ತು ದಿನ ಇಟ್ಟುಕೊಳ್ಳಬಹುದೆಂದರು. ಆ ಹತ್ತು ದಿನ ಹುಟ್ಟಿದ್ದೇ ಇನ್ನೊಬ್ಬರಿಗೆ ಕೊಡುವುದಕ್ಕಾಗಿ!

ಇದು ಭಿಕ್ಖುಗಳ ನಿಯಮ, ಸಂಸಾರಸ್ಥರಿಗಲ್ಲ. ಬುದ್ಧರು ಬಡತನವನ್ನು ಭಾಗ್ಯವೆಂದು ಹೊಗಳಲಿಲ್ಲ ಎಂಬುದನ್ನು ಬಾಬಾಸಾಹೇಬರು ಒತ್ತಿ ಬರೆದಿದ್ದಾರೆ. ಹಳ್ಳಿ ಹೋಟೆಲುಗಳಲ್ಲಿ ನಮ್ಮ ಹಿರಿಯರಿಗೆ ಬೇರೆ ಕಪ್ ಇರುತ್ತಿತ್ತು. ಹೊರಗೆ ಕೂತು ಕುಡಿದು, ತಾವೇ ತೊಳೆದು ಇಡಬೇಕಿತ್ತು. ಅಂಥವರ ಮಗಳು ಖಣಿಯ ಕೂಲಿಯಲ್ಲಿ ಉಳಿಸಿ ಆರು ಹೂವಿನ ಕಪ್ ತಂದರೆ ಅದನ್ನು ತೃಷ್ಣೆ ಎಂದು ಬೈಯಲು ನನಗೆ ಬಾಯಿ ಬಾರದು. ಆ ಕಪ್‌ಗಳು ಚೆಂದ. ಇರಲಿ.

ಆದರೆ ಅವು ಯಾರು ಬಂದಾಗ ಹೊರಗೆ ಬರುತ್ತವೆ? ಸಾಹೇಬರು ಬಂದರೆ ಹೂವಿನ ಕಪ್, ಓಣಿಯ ಕಸ ಗುಡಿಸುವ ಅಕ್ಕ ಬಂದರೆ ಬೇರೆ ಇಟ್ಟ ಸ್ಟೀಲ್ ಲೋಟ. ಹೋಟೆಲಿನ ಆ ಹಳೇ ಕಪ್ ನಮ್ಮ ಅಡುಗೆಮನೆಗೇ ಬಂದು ಕೂತಂತಾಯಿತಲ್ಲ? ಪಿಂಗಾಣಿ ಒಡೆಯುತ್ತದೆ ನಿಜ. ಮಡಕೆ ಹಸಿಯದಿರಲಿ, ಸುಟ್ಟದ್ದಿರಲಿ, ಕೊನೆಗೆ ಒಡೆಯುವುದೇ ಎಂದು ಅಜ್ಜಿಯನ್ನು ಕಳೆದುಕೊಂಡ ಪಸೇನದಿ ರಾಜನಿಗೆ ಭಗವಾನರು ಹೇಳಿದ್ದರು. ಬೀಗ ಹಾಕಿದರೂ ಅಷ್ಟೆ.

ಭಾನುವಾರದ ಓದಿಗೆ ಪಾತ್ರೆಯ ಈ ನಿಯಮವನ್ನೇ ತೆಗೆದುಕೊಳ್ಳೋಣ. ಚಹಾ ಇರುತ್ತದೆ. ಶೋಕೇಸಿನ ಕಪ್ ಇರುವವರು ಒಂದೆರಡು ತನ್ನಿ, ಅಕ್ಕನನ್ನೂ ಕರೆತನ್ನಿ.

ಸಬ್ಬೇ ಸತ್ತಾ ಸುಖಿ ಹೋಂತು 🌸